ಟ್ರ್ಯಾಕ್ ಡೇಗೆ ಬ್ರೇಕ್ ಪ್ಯಾಡ್: ಅದೇ ಕಾರಲ್ಲಿ ವಾಪಸ್ ಬೆಂಗಳೂರಿಗೂ ಬರಬೇಕು, ಯಾವುದು ಹಾಕಿಸಲಿ?

ಕೆಂಪು_ಪೋಲೊ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನದು ಪೋಲೊ ಜಿಟಿ ಟಿಎಸ್‌ಐ, 1.2 ಎಂಜಿನ್, ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್). ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ, ಏನೂ ಮುಟ್ಟಿಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಲ್ಲಿ ಒಂದು ಟ್ರ್ಯಾಕ್ ಡೇಗೆ (ನಮ್ಮ ಕಾರನ್ನೇ ರೇಸ್ ಟ್ರ್ಯಾಕಲ್ಲಿ ಓಡಿಸುವ ದಿನ) ಹೆಸರು ಕೊಟ್ಟಿದ್ದೇನೆ. ಇದೇ ಮೊದಲು.

ಪ್ಯಾಡ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅಂಗಡಿಯವರು ಪೂರ್ತಿ ರೇಸಿಂಗ್ ಪ್ಯಾಡ್ ಹಾಕಿಸಿ ಅಂತಾರೆ. ಗೆಳೆಯ ಸೆರಾಮಿಕ್ ಸಾಕು ಅಂತಾನೆ. ಇನ್ನೊಬ್ಬರು ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕಿಟ್ ಬೇಕೇ ಬೇಕು ಅಂದರು. ಈಗಿರುವ ಕಂಪನಿ ಪ್ಯಾಡ್ ಅರ್ಧ ಸವೆದಿದೆ.

ಕಾರನ್ನು ಟ್ರಕ್ ಮೇಲೆ ಸಾಗಿಸುವ ಯೋಚನೆ ಇಲ್ಲ. ಓಡಿಸಿಕೊಂಡೇ ಹೋಗಬೇಕು, ಓಡಿಸಿಕೊಂಡೇ ಬರಬೇಕು. ಸೋಮವಾರ ಬೆಳಿಗ್ಗೆ ಮನೆಯವರು ಇದೇ ಕಾರಲ್ಲಿ ಆಫೀಸಿಗೆ ಹೋಗುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಟಾರ್ಕ್_ರೆಂಚ್, ಮೈಸೂರು

ಸರ್, ಪ್ಯಾಡ್‌ಗಿಂತ ಮೊದಲು ಒಂದು ಪ್ರಶ್ನೆ. ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು? ನಮ್ಮ ಗ್ಯಾರೇಜಿಗೆ ಟ್ರ್ಯಾಕಿಗೆ ಹೋಗುವ ಮುಂಚೆ ಬರುವವರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಬಹಳ ಜನಕ್ಕೆ ನೆನಪೇ ಇರುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಹೋಸ್ ಮೂಲಕವೂ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದೇ ಆಯಿಲಿಗೆ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಲ್ಲಿ ಕ್ಯಾಲಿಪರ್ ಒಳಗಿನ ಆಯಿಲ್ 155 ದಾಟುವುದು ಕಷ್ಟವೇ ಅಲ್ಲ. ಕುದಿದರೆ ಆವಿ ಗುಳ್ಳೆ ಬರುತ್ತದೆ. ಗುಳ್ಳೆ ಒತ್ತಿದರೆ ಅಮುಕಿಕೊಳ್ಳುತ್ತದೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಆಗ ನೀವು ಎಂಥ ದುಬಾರಿ ಪ್ಯಾಡ್ ಹಾಕಿದ್ದರೂ ಅದನ್ನು ಡಿಸ್ಕಿಗೆ ಒತ್ತುವ ಶಕ್ತಿಯೇ ಇರುವುದಿಲ್ಲ.

ಹಾಗಾಗಿ ಮೊದಲ ಖರ್ಚು ಒಳ್ಳೆಯ ಆಯಿಲ್. ಮೋಟುಲ್ ಆರ್‌ಬಿಎಫ್ 600 ತರಹದ್ದು ಹೊಸದಿದ್ದಾಗ 300 ಡಿಗ್ರಿಗಿಂತ ಮೇಲೆ ಕುದಿಯುತ್ತದೆ. ಪ್ಯಾಡಿನ ಬೆಲೆಗೆ ಹೋಲಿಸಿದರೆ ಅದು ದೊಡ್ಡ ಖರ್ಚೂ ಅಲ್ಲ. ಡಾಟ್ 5 ಮಾತ್ರ ಹಾಕಿಸಬೇಡಿ. ಅದು ಸಿಲಿಕೋನ್ ಆಯಿಲ್. ಡಾಟ್ 4 ಜೊತೆ ಬೆರೆಯುವುದಿಲ್ಲ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಸಲ್ಲುವುದೂ ಇಲ್ಲ. ಡಾಟ್ 5.1 ಬೇರೆ, ಅದು ಆಗುತ್ತದೆ. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಅಂತ ಕೊಟ್ಟುಬಿಡುತ್ತಾರೆ, ಡಬ್ಬ ಓದಿ ತಗೊಳ್ಳಿ.

ಚಾರ್ಮಾಡಿ_ತಿರುವು, ಮಂಗಳೂರು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕರಾವಳಿಯ ಮಳೆಗಾಲ ದಾಟಿದ ಆಯಿಲ್ ನೋಡಿದರೆ ನಿಮಗೇ ಗೊತ್ತಾಗುತ್ತದೆ ಮಾರಾಯ್ರೆ.

ಆದರೆ ಒಂದು ಮಾತು. ನಾವು ಚಾರ್ಮಾಡಿ, ಶಿರಾಡಿ ಇಳಿದು ಅಭ್ಯಾಸ ಇರುವವರು. ಕಂಪನಿ ಪ್ಯಾಡಲ್ಲೇ ವರ್ಷಗಟ್ಟಲೆ ಘಾಟಿ ಇಳಿದಿದ್ದೇವೆ, ಏನೂ ಆಗಿಲ್ಲ. ಒಂದು ದಿನದ ಟ್ರ್ಯಾಕಿಗೆ ಪ್ಯಾಡ್ ಬದಲಾಯಿಸುವುದು ನಿಜಕ್ಕೂ ಬೇಕಾ? ಆಯಿಲ್ ಬದಲಿಸಿ, ಜೋಪಾನವಾಗಿ ಓಡಿಸಿ ಬಂದರೆ ಸಾಲದಾ?

ಘರ್ಷಣೆ, ಹೊಸೂರು

ನಾನು ಪ್ಯಾಡ್ ತಯಾರಿಕೆಯ ಕಡೆ ಕೆಲಸ ಮಾಡುವವನು. ಘಾಟಿಯ ಪ್ರಶ್ನೆ ಒಳ್ಳೆಯದು, ಅದಕ್ಕೆ ಸ್ವಲ್ಪ ಲೆಕ್ಕ ಹಾಕಿ ಉತ್ತರ ಕೊಡುತ್ತೇನೆ.

ಡ್ರೈವರ್ ಸೇರಿ ಕಾರಿನ ತೂಕ 1,200 ಕೆ.ಜಿ. ಅಂದುಕೊಳ್ಳಿ. ಊರಲ್ಲಿ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕಿಗೆ ಹೋಗುವ ಶಕ್ತಿ ಸುಮಾರು 1.7 ಲಕ್ಷ ಜೂಲ್. ಟ್ರ್ಯಾಕಲ್ಲಿ ನೀವು ನಿಲ್ಲಿಸುವುದೂ ಇಲ್ಲ, 160ರಿಂದ 80ಕ್ಕೆ ಇಳಿಸುತ್ತೀರಿ ಅಷ್ಟೇ. ಅದಕ್ಕೇ ಸುಮಾರು 8.9 ಲಕ್ಷ ಜೂಲ್ ಬೇಕು. ಐದು ಪಟ್ಟಿಗಿಂತ ಜಾಸ್ತಿ. ವೇಗದ ವರ್ಗದ ಲೆಕ್ಕದಲ್ಲಿ ಶಕ್ತಿ ಏರುವುದರಿಂದ ಹೀಗಾಗುತ್ತದೆ.

ಇದರಲ್ಲಿ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕಿಗೆ ಅಂತ ಇಟ್ಟುಕೊಳ್ಳಿ. ಒಂದೊಂದು ಡಿಸ್ಕಿನ ಉಜ್ಜುವ ಭಾಗ 4 ಕೆ.ಜಿ. ಇದ್ದರೆ, ಒಂದೇ ಒಂದು ಸಲ ಬ್ರೇಕ್ ಹಾಕಿದಾಗ ಡಿಸ್ಕಿನ ಬಿಸಿ 150 ಡಿಗ್ರಿಗಿಂತ ಹೆಚ್ಚು ಏರುತ್ತದೆ. ಅದು ತಣ್ಣಗಾಗುವ ಮುಂಚೆ ಮುಂದಿನ ತಿರುವು ಬಂದಿರುತ್ತದೆ. ಮತ್ತೆ ಏರುತ್ತದೆ. ಇರುಂಗಾಟ್ಟುಕೋಟ್ಟೈ ಒಂದು ಸುತ್ತು 3.7 ಕಿ.ಮೀ. ಚಿಲ್ಲರೆ. ಮೂರ್ನಾಲ್ಕು ಸುತ್ತಿನಲ್ಲಿ ಡಿಸ್ಕ್ 500 ಡಿಗ್ರಿ ಮುಟ್ಟಿದರೆ ಆಶ್ಚರ್ಯ ಬೇಡ.

ಘಾಟಿಯಲ್ಲಿ ಬಿಸಿ ನಿಧಾನಕ್ಕೆ ಸೇರುತ್ತದೆ. ಕೆಳಗಿನ ಗೇರಲ್ಲಿ ಇಳಿದರೆ ಎಂಜಿನ್ನೂ ಹಿಡಿದುಕೊಳ್ಳುತ್ತದೆ. ಟ್ರ್ಯಾಕಲ್ಲಿ ಒಂದೆರಡು ಸೆಕೆಂಡಲ್ಲಿ ಎಲ್ಲ ಬಿಸಿಯೂ ಡಿಸ್ಕಿಗೆ ನುಗ್ಗುತ್ತದೆ. ಕಂಪನಿ ಪ್ಯಾಡಿನಲ್ಲಿ ಕಣಗಳನ್ನು ಹಿಡಿದಿಡುವ ರಾಳ ಇರುತ್ತದಲ್ವಾ, ಅದು ಈ ಬಿಸಿಗೆ ಸುಟ್ಟು ಗ್ಯಾಸ್ ಬಿಡಲು ಶುರು ಮಾಡುತ್ತದೆ. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ನೀವು ಬಲವಾಗಿ ಒತ್ತುತ್ತೀರಿ, ಕಾರು ಮಾತ್ರ ನಿಲ್ಲುವುದಿಲ್ಲ. ಇದು ಪ್ಯಾಡ್ ಫೇಡ್. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಅದು ಆಯಿಲ್ ಕುದಿದದ್ದು. ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ. ಈ ವ್ಯತ್ಯಾಸ ಟ್ರ್ಯಾಕಿಗೆ ಹೋಗುವ ಮುಂಚೆಯೇ ಮನಸ್ಸಲ್ಲಿ ಇರಬೇಕು.

ಕೆಂಪು_ಪೋಲೊ, ಬೆಂಗಳೂರು

ತುಂಬಾ ಧನ್ಯವಾದ. ಆಯಿಲ್ ಬದಲಾಯಿಸಿ ಎರಡು ವರ್ಷದ ಮೇಲಾಗಿದೆ, ಅದು ಮೊದಲು ಮಾಡಿಸುತ್ತೇನೆ.

ಪ್ಯಾಡಿನ ಅಂಚಲ್ಲಿ ಎಫ್‌ಎಫ್, ಜಿಜಿ ಅಂತ ಅಕ್ಷರ ಇರುತ್ತವೆ, ಅದನ್ನು ನೋಡಿ ಆರಿಸಬಹುದು ಅಂತ ಎಲ್ಲೋ ಓದಿದೆ. ಜಿ ಇದ್ದರೆ ಒಳ್ಳೆಯದಾ? ಮತ್ತೆ ಸೆರಾಮಿಕ್ ವಿಷಯ?

ಘರ್ಷಣೆ, ಹೊಸೂರು

ಆ ಎರಡು ಅಕ್ಷರ ಘರ್ಷಣೆಯ ಪ್ರಮಾಣ ಹೇಳುತ್ತವೆ. ಮೊದಲನೆಯದು ಕಡಿಮೆ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55.

ಆದರೆ ಅಲ್ಲಿ ಹೆಚ್ಚು ಬಿಸಿ ಅನ್ನುವುದು ಸುಮಾರು 340 ಡಿಗ್ರಿವರೆಗೆ ಮಾತ್ರ. ನಿಮಗೆ ಬೇಕಿರುವುದು 500, 600ರಲ್ಲಿ ಪ್ಯಾಡ್ ಏನು ಮಾಡುತ್ತದೆ ಅನ್ನುವುದು. ಅದನ್ನು ಆ ಅಕ್ಷರ ಹೇಳುವುದೇ ಇಲ್ಲ. ಜಿಜಿ ಅಂತ ಬರೆದ ಪ್ಯಾಡ್ 450ಕ್ಕೇ ಕೈಕೊಡಬಹುದು, ಎಫ್‌ಎಫ್ ಪ್ಯಾಡ್ 600ರಲ್ಲೂ ಹಾಗೇ ಹಿಡಿಯಬಹುದು. ರಸ್ತೆ ಕಾರಿಗೆ ಒಂದು ಅಂದಾಜಿಗೆ ಸರಿ, ಟ್ರ್ಯಾಕಿಗೆ ಅದನ್ನು ನೆಚ್ಚಬೇಡಿ. ಪ್ಯಾಡ್ ಮಾಡುವವರು ಬಿಸಿ ಮತ್ತು ಘರ್ಷಣೆಯ ಗೆರೆಚಿತ್ರ ಕೊಟ್ಟಿರುತ್ತಾರೆ. ಅದನ್ನು ಕೇಳಿ ತರಿಸಿಕೊಳ್ಳಿ. ಗೆರೆ ಎಷ್ಟು ಎತ್ತರ ಇದೆ ಅನ್ನುವುದಕ್ಕಿಂತ ಎಷ್ಟು ದೂರದವರೆಗೆ ಸಮನಾಗಿದೆ ಅನ್ನುವುದು ಮುಖ್ಯ.

ಯಾಕೆ ಅಂದರೆ ಕಾರನ್ನು ಕೊನೆಗೂ ನಿಲ್ಲಿಸುವುದು ಟೈರು. ನಿಮ್ಮ ಕಂಪನಿ ಪ್ಯಾಡೇ ತಣ್ಣಗಿದ್ದಾಗ ಎಬಿಎಸ್ ಬಡಿಯುವಷ್ಟು ಹಿಡಿಯುತ್ತದೆ, ಅಲ್ವಾ? ಅಂದರೆ ಒಂದು ಸಲ ನಿಲ್ಲಿಸಲು ಬೇಕಾದ ಹಿಡಿತ ಈಗಾಗಲೇ ಇದೆ. ಟ್ರ್ಯಾಕ್ ಪ್ಯಾಡಿಗೆ ನೀವು ದುಡ್ಡು ಕೊಡುವುದು ಅದೇ ಹಿಡಿತ ಹತ್ತನೇ ಸಲವೂ ಸಿಗಲಿ ಅಂತ. ರಸ್ತೆ ಟೈರ್ ಮೇಲೆ ವಿಪರೀತ ಕಚ್ಚುವ ಪ್ಯಾಡ್ ಹಾಕಿದರೆ ಎಬಿಎಸ್ ಬೇಗ ಬರುತ್ತದೆ, ನಿಲ್ಲುವ ದೂರ ಕಡಿಮೆ ಆಗುವುದಿಲ್ಲ.

ಸೆರಾಮಿಕ್ ಅಂತ ಡಬ್ಬದ ಮೇಲೆ ಬರೆದು ಮಾರುವ ಪ್ಯಾಡ್‌ಗಳಲ್ಲಿ ಹೆಚ್ಚಿನವು ಧೂಳು ಕಡಿಮೆ, ಸದ್ದು ಕಡಿಮೆ ಇರಲಿ ಅಂತ ಮಾಡಿದ ರಸ್ತೆ ಪ್ಯಾಡ್. ಸೂಪರ್‌ಕಾರ್‌ಗಳಲ್ಲಿ ಇರುವ ಕಾರ್ಬನ್ ಸೆರಾಮಿಕ್ ಡಿಸ್ಕಿಗೂ ಇದಕ್ಕೂ ಸಂಬಂಧ ಇಲ್ಲ. ದಿನದ ಓಡಾಟಕ್ಕೆ ಚೆನ್ನಾಗಿವೆ. ಟ್ರ್ಯಾಕಿಗೆ ಅಂತಲೇ ಕೊಳ್ಳಬೇಡಿ.

ಹುಬ್ಬಳ್ಳಿ_ಸ್ವಿಫ್ಟ್

ನಾನು ಬೇರೆ ದಾರಿ ಹೇಳುತ್ತೇನೆ ನೋಡ್ರಿ. ಎರಡು ಸೆಟ್ ಇಟ್ಟುಕೊಳ್ಳಿ. ರಸ್ತೆಗೆ ಕಂಪನಿ ಪ್ಯಾಡ್, ಟ್ರ್ಯಾಕಿಗೆ ಅಸಲಿ ರೇಸ್ ಪ್ಯಾಡ್. ನಾನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೆ ಹೋದಾಗ ಅಲ್ಲೇ ಪ್ಯಾಡಾಕಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬದಲಾಯಿಸುತ್ತೇನೆ. ಜ್ಯಾಕ್, ಸ್ಟ್ಯಾಂಡ್, ಎರಡು ಸ್ಪ್ಯಾನರ್, ಪಿಸ್ಟನ್ ಹಿಂದಕ್ಕೆ ಒತ್ತಲು ಒಂದು ಸಿ ಕ್ಲ್ಯಾಂಪ್. ಸ್ವಿಫ್ಟ್, ಪೋಲೊ ಎಲ್ಲ ಸ್ಲೈಡಿಂಗ್ ಕ್ಯಾಲಿಪರ್, ಕೆಲಸ ಸುಲಭ.

ಕರಿ ಟ್ರ್ಯಾಕ್ ಸುಮಾರು 2.1 ಕಿ.ಮೀ. ಅಷ್ಟೇ. ನೇರ ರಸ್ತೆ ಕಡಿಮೆ, ವೇಗವೂ ಕಡಿಮೆ. ಆದರೆ ತಿರುವುಗಳ ಮಧ್ಯೆ ಬ್ರೇಕಿಗೆ ಗಾಳಿ ತಾಗಿ ತಣ್ಣಗಾಗಲು ಪುರುಸೊತ್ತೇ ಸಿಗುವುದಿಲ್ಲ. ಸಣ್ಣ ಟ್ರ್ಯಾಕ್, ಪ್ಯಾಡಿಗೆ ಕಷ್ಟ ಇಲ್ಲ ಅಂತ ತಿಳಿಯಬೇಡಿ.

ಘರ್ಷಣೆ, ಹೊಸೂರು

ಇದು ಒಳ್ಳೆಯ ದಾರಿಯೇ. ಒಂದು ಎಚ್ಚರಿಕೆ ಮಾತ್ರ. ಪ್ಯಾಡ್ ತನ್ನದೇ ಒಂದು ತೆಳು ಪದರವನ್ನು ಡಿಸ್ಕಿನ ಮೇಲೆ ಬಿಡುತ್ತದೆ, ಆಮೇಲೆ ಆ ಪದರದ ಮೇಲೇ ಹಿಡಿಯುತ್ತದೆ. ಒಂದು ಜಾತಿಯ ಪ್ಯಾಡಿನ ಪದರದ ಮೇಲೆ ಇನ್ನೊಂದು ಜಾತಿಯದು ಸರಿಯಾಗಿ ಕೂರದೆ ಇರಬಹುದು. ಹಿಡಿತ ಏರುಪೇರಾಗುತ್ತದೆ, ಸ್ಟೀರಿಂಗ್ ನಡುಗುತ್ತದೆ. ಜನ ಡಿಸ್ಕ್ ಬೆಂಡ್ ಆಗಿದೆ ಅಂತ ಲೇತ್‌ಗೆ ಕೊಡುತ್ತಾರೆ. ಎಷ್ಟೋ ಸಲ ಡಿಸ್ಕ್ ಬೆಂಡ್ ಆಗಿರುವುದಿಲ್ಲ, ಪದರ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು ಕೂತಿರುತ್ತದೆ ಅಷ್ಟೇ. ಎರಡು ಸೆಟ್ ಇಡುವುದಾದರೆ ಒಂದೇ ತಯಾರಕರ, ಒಂದಕ್ಕೊಂದು ಹೊಂದುವ ಕಾಂಪೌಂಡ್ (ಪ್ಯಾಡಿನ ಉಜ್ಜುವ ಮಿಶ್ರಣ) ಇಡಿ. ಇಲ್ಲ ಅಂದರೆ ಡಿಸ್ಕೂ ಎರಡು ಜೊತೆ ಇಡಿ.

ಟಾರ್ಕ್_ರೆಂಚ್, ಮೈಸೂರು

ಹುಬ್ಬಳ್ಳಿಯವರಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಮೊದಲ ಸಲ ಹೋಗುವವರಿಗೆ ನಾನು ಈ ದಾರಿ ಹೇಳುವುದಿಲ್ಲ.

ಸಂಜೆ ಆಗಿರುತ್ತದೆ, ದಿನವೆಲ್ಲ ಬಿಸಿಲಲ್ಲಿ ದಣಿದಿರುತ್ತೀರಿ. ಗೆಳೆಯರೆಲ್ಲ ಹೊರಟಿರುತ್ತಾರೆ. ಬಿಸಿ ಕ್ಯಾಲಿಪರ್ ಬಿಚ್ಚಿ ಪ್ಯಾಡ್ ಬದಲಿಸುವ ಮನಸ್ಸು ಬರುವುದಿಲ್ಲ. ಹೀಗೇ ಓಡಿಸಿಕೊಂಡು ಹೋಗೋಣ ಅನ್ನಿಸುತ್ತದೆ. ರೇಸ್ ಪ್ಯಾಡ್ ತಣ್ಣಗಿದ್ದಾಗ ಮೊದಲ ಒತ್ತಿಗೆ ಹಿಡಿಯುವುದೇ ಇಲ್ಲ, ಅದಕ್ಕೆ ಬಿಸಿ ಬೇಕು. ಹೆದ್ದಾರಿಯಲ್ಲಿ ಬ್ರೇಕ್ ಮುಟ್ಟದೆ ಮೈಲಿಗಟ್ಟಲೆ ಬರುತ್ತೀರಿ, ಪ್ಯಾಡ್ ಪೂರ್ತಿ ತಣ್ಣಗಾಗಿರುತ್ತದೆ. ವೆಲ್ಲೂರು ದಾಟಿದ ಮೇಲೆ ಕತ್ತಲಲ್ಲಿ ಲೈಟ್ ಇಲ್ಲದ ಟ್ರ್ಯಾಕ್ಟರ್, ಡಿವೈಡರ್ ಸಂದಿಯಿಂದ ನುಗ್ಗುವ ಬೈಕು, ನಾಯಿ. ಅಲ್ಲಿ ನಿಮಗೆ ಸಿಗುವುದು ಆ ಮೊದಲ ಒತ್ತು ಒಂದೇ.

ಮತ್ತೆ ಸೋಮವಾರ ಮನೆಯವರು ಓಡಿಸುತ್ತಾರೆ ಅಂದಿರಿ. ಅವರಿಗೆ ಪ್ಯಾಡ್ ಬದಲಾಗಿದ್ದು ಗೊತ್ತೂ ಇರುವುದಿಲ್ಲ. ನನ್ನ ಪ್ರಕಾರ ಇಲ್ಲಿ ಆಯ್ಕೆ ನಿರ್ಧಾರವಾಗುವುದು ಟ್ರ್ಯಾಕಿನ ಬಿಸಿಯಿಂದ ಅಲ್ಲ, ಆ ತಣ್ಣನೆಯ ಮೊದಲ ಒತ್ತಿನಿಂದ. ಅದು ಸರಿ ಇರುವ ಪ್ಯಾಡ್‌ಗಳನ್ನು ಮಾತ್ರ ಮೊದಲು ಬೇರೆ ಇಡಿ. ಅವುಗಳಲ್ಲಿ ಹೆಚ್ಚು ಬಿಸಿ ತಡೆಯುವುದನ್ನು ಆಮೇಲೆ ಆರಿಸಿ. ಟ್ರ್ಯಾಕಲ್ಲಿ ಬ್ರೇಕ್ ಸೋತರೆ ವೇಗ ಕಡಿಮೆ ಮಾಡಿ ಒಳಗೆ ಬರಬಹುದು, ಪಕ್ಕದಲ್ಲಿ ಖಾಲಿ ಜಾಗ ಇರುತ್ತದೆ, ಹೆಲ್ಮೆಟ್ ಇರುತ್ತದೆ, ಆಂಬುಲೆನ್ಸ್ ನಿಂತಿರುತ್ತದೆ. ಕೃಷ್ಣಗಿರಿ ರಸ್ತೆಯಲ್ಲಿ ಅದ್ಯಾವುದೂ ಇಲ್ಲ.

ಐಫೆಲ್_ಕನ್ನಡಿಗ, ಕಲೋನ್

ಜರ್ಮನಿಯಿಂದ ಒಂದು ಅನುಭವ ಸೇರಿಸುತ್ತೇನೆ. ಇಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆಗೆ ನಮ್ಮ ನಮ್ಮ ಕಾರಲ್ಲೇ ಟಿಕೆಟ್ ತಗೊಂಡು ಹೋಗಬಹುದು. ಒಂದು ಸುತ್ತು 20.8 ಕಿ.ಮೀ. ಆ ಹೊತ್ತಲ್ಲಿ ಅದು ಸುಂಕ ಕಟ್ಟಿ ಓಡಿಸುವ ರಸ್ತೆ, ರಸ್ತೆ ನಿಯಮವೇ ಲಾಗೂ. ಹಾಗಾಗಿ ಪ್ಯಾಡಿಗೂ ರಸ್ತೆಗೆ ಅನುಮತಿ ಇರಬೇಕು. ಯುರೋಪಿನ ಆರ್90 ನಿಯಮದ ಪ್ರಕಾರ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನದಕ್ಕಿಂತ ಶೇಕಡಾ 15ಕ್ಕಿಂತ ಆಚೀಚೆ ಇರಬಾರದು. ರೇಸ್ ಪ್ಯಾಡಿಗೆ ಆ ಮುದ್ರೆ ಸಿಗುವುದಿಲ್ಲ.

ನಿಮ್ಮಲ್ಲಿ ಆ ನಿಯಮ ಇರಲಿ ಬಿಡಲಿ, ಯೋಚನೆ ಒಳ್ಳೆಯದು. ಡಬ್ಬದ ಮೇಲೆ, ಪ್ಯಾಡಿನ ಬೆನ್ನಿನ ಮೇಲೆ ಆರ್90 ಅನುಮತಿಯ ಇ ಗುರುತು (ಮೇಲೆ ಹೇಳಿದ ಘರ್ಷಣೆಯ ಇ ಅಲ್ಲ) ಇದ್ದರೆ ತಣ್ಣಗಿದ್ದಾಗ ಹೇಗಿರುತ್ತದೆ ಅಂತ ಯಾರೋ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ.

ಹೆಸರು ಬೇಕು ಅಂದರೆ, ರಸ್ತೆ ಕಾರಲ್ಲೇ ಟ್ರ್ಯಾಕಿಗೆ ಹೋಗುವವರು ಇಲ್ಲಿ ಹೆಚ್ಚು ಮಾತಾಡುವುದು ಫೆರೋಡೊ ಡಿಎಸ್2500, ಇಬಿಸಿ ಯೆಲ್ಲೋಸ್ಟಫ್ ಬಗ್ಗೆ. ಇಬಿಸಿಯಲ್ಲೇ ಗ್ರೀನ್‌ಸ್ಟಫ್, ರೆಡ್‌ಸ್ಟಫ್ ರಸ್ತೆಯ ಕಡೆಯವು, ಟ್ರ್ಯಾಕಿಗೆ ಅಂತ ತಗೊಳ್ಳಬೇಡಿ. ಫೆರೋಡೊ ಡಿಎಸ್1.11, ಪಾಗಿಡ್ ಆರ್‌ಎಸ್29 ಇವೆಲ್ಲ ತಾಸುಗಟ್ಟಲೆ ಓಡುವ ರೇಸಿಗೆ ಮಾಡಿದವು. ಬಹಳ ಒಳ್ಳೆಯವು, ಆದರೆ ನಿಮ್ಮ ಕೆಲಸಕ್ಕೆ ಅಲ್ಲ. ಡಿಎಸ್2500 ಊರಲ್ಲಿ ಕೀರಲು ಸದ್ದು ಮಾಡುತ್ತದೆ, ಚಕ್ರ ಕಪ್ಪಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ.

ಕೆಂಪು_ಪೋಲೊ, ಬೆಂಗಳೂರು

ಈಗ ಚಿತ್ರ ಸ್ಪಷ್ಟ ಆಗುತ್ತಿದೆ. ನನ್ನ ಕಾರಿಗೆ ಸರಿಯಾದ ಅಳತೆ ಯಾವುದು ಅಂತ ಹೇಗೆ ತಿಳಿಯುವುದು? ಮತ್ತೆ ದೊಡ್ಡ ಡಿಸ್ಕ್ ಕಿಟ್, ತೂತು ಕೊರೆದ ಡಿಸ್ಕ್, ಸ್ಟೀಲ್ ಬ್ರೇಡೆಡ್ ಹೋಸ್ ಇವೆಲ್ಲ ಬೇಕಾ? ಹಿಂದಿನ ಡ್ರಮ್ ಏನು ಮಾಡಲಿ?

ಟಾರ್ಕ್_ರೆಂಚ್, ಮೈಸೂರು

ಒಂದು ಮುಂದಿನ ಪ್ಯಾಡ್ ಬಿಚ್ಚಿಸಿ. ಬೆನ್ನಿನ ತಗಡಿನ ಮೇಲೆ ಡಬ್ಲ್ಯುವಿಎ ನಂಬರ್ (ಪ್ಯಾಡಿನ ಆಕಾರ, ಅಳತೆ ಗುರುತಿಸುವ ನಂಬರ್) ಇದ್ದರೆ ಬರೆದುಕೊಳ್ಳಿ, ಆಕಾರದ ಫೋಟೊ ತೆಗೆಯಿರಿ, ಅಳತೆ ತಗೊಳ್ಳಿ. ಪೋಲೊ ಅಂತಷ್ಟೇ ಹೇಳಿ ತರಿಸಬೇಡಿ, ವರ್ಷಕ್ಕೆ, ದೇಶಕ್ಕೆ ಕ್ಯಾಲಿಪರ್ ಬದಲಾಗಿರುತ್ತದೆ. ಅಧಿಕೃತ ಮಾರಾಟಗಾರರಿಂದ ಬಿಲ್ ಸಮೇತ ತಗೊಳ್ಳಿ. ಹೆಸರಾಂತ ಬ್ರೇಕ್ ಭಾಗಗಳಿಗೆ ನಕಲಿ ಹಾವಳಿ ಜಾಸ್ತಿ.

ದೊಡ್ಡ ಕಿಟ್ ಈಗ ಬೇಡ. ಕಂಪನಿ ಎಂಜಿನ್, ರಸ್ತೆ ಟೈರು, ಮೊದಲ ಸಲ. ಆ ದುಡ್ಡಲ್ಲಿ ಟೈರ್ ತಗೊಳ್ಳಬಹುದು. ತೂತು ಕೊರೆದ ಡಿಸ್ಕ್ ಅಂತೂ ಬೇಡವೇ ಬೇಡ. ಪದೇ ಪದೇ ಕಾದು ಆರುವಾಗ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಸಾದಾ ಡಿಸ್ಕೇ ಒಳ್ಳೆಯದು. ಹಳೆಯ ಡಿಸ್ಕಿನ ಅಂಚಲ್ಲಿ ದಪ್ಪ ಏಣು ಬಂದಿದ್ದರೆ ಪ್ಯಾಡ್ ಜೊತೆ ಡಿಸ್ಕೂ ಹೊಸದು ಹಾಕಿಸಿ. ಬ್ರೇಡೆಡ್ ಹೋಸ್ ಪೆಡಲಿಗೆ ಗಟ್ಟಿತನ ಕೊಡುತ್ತದೆ, ಬಿಸಿಗೆ ಏನೂ ಮಾಡುವುದಿಲ್ಲ.

ಘರ್ಷಣೆ, ಹೊಸೂರು

ಡ್ರಮ್ ಬಗ್ಗೆ. ಜೋರಾಗಿ ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರಕ್ಕೆ ಕೆಲಸ ಕಡಿಮೆ. ಹಾಗಾಗಿ ಹಿಂದೆ ಲೈನರ್ ಚೆನ್ನಾಗಿದೆಯಾ, ಹೊಂದಾಣಿಕೆ ಸರಿ ಇದೆಯಾ, ವೀಲ್ ಸಿಲಿಂಡರ್ ಸೋರುತ್ತಿದೆಯಾ ನೋಡಿಸಿ, ಅಷ್ಟೇ ಸಾಕು. ಮುಂದೆ ಹಿಡಿತ ತೀರಾ ಜಾಸ್ತಿ ಮಾಡಿದರೆ ಮುಂದು ಹಿಂದಿನ ಸಮತೋಲ ಕೆಡುತ್ತದೆ, ಇರುವ ಡ್ರಮ್ಮೂ ಕೆಲಸ ಮಾಡದ ಹಾಗಾಗುತ್ತದೆ. ಮಧ್ಯಮ ಹಿಡಿತದ ಪ್ಯಾಡ್ ಆರಿಸಲು ಇದೂ ಒಂದು ಕಾರಣ. ಇಎಸ್‌ಪಿ (ಕಾರು ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಪದೇ ಪದೇ ನಡುವೆ ಬಂದರೆ ನೀವು ಮುಟ್ಟದೆಯೇ ಬ್ರೇಕ್ ಬಿಸಿಯಾಗುತ್ತದೆ. ಹಾಗಂತ ಇಎಸ್‌ಪಿ ಆಫ್ ಮಾಡಬೇಡಿ, ತಿರುವಿನಲ್ಲಿ ಆಕ್ಸಿಲರೇಟರ್ ನಯವಾಗಿ ಒತ್ತಿ.

ನಿಜವಾಗಿ ಎಷ್ಟು ಬಿಸಿಯಾಯಿತು ಅಂತ ತಿಳಿಯಲು ಡಿಸ್ಕಿನ ಹೊರ ಅಂಚಿಗೆ ಹಚ್ಚುವ ಬಣ್ಣ ಸಿಗುತ್ತದೆ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತವೆ. ಹಸಿರು ಮಾತ್ರ ಬದಲಾಗಿದ್ದರೆ ಮಧ್ಯಮ ಪ್ಯಾಡ್ ಧಾರಾಳ ಸಾಕು. ಕೆಂಪೂ ಬದಲಾಗಿದ್ದರೆ ಮುಂದಿನ ಸಲಕ್ಕೆ ಹೆಚ್ಚಿನ ಪ್ಯಾಡ್, ಇಲ್ಲವೇ ಬ್ರೇಕಿಗೆ ಗಾಳಿ ತರುವ ಪೈಪ್ ಯೋಚಿಸಿ. ಊಹೆಯ ಮೇಲೆ ದುಡ್ಡು ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು. ಟ್ರ್ಯಾಕಿನಿಂದ ಪಿಟ್‌ಗೆ ಬಂದ ಮೇಲೆ ಬಿಸಿ ಅಳೆಯುವ ಗನ್ ಹಿಡಿದು ಅಳೆದರೆ ಅಷ್ಟರಲ್ಲಿ ಬಿಸಿ ಇಳಿದಿರುತ್ತದೆ.

ಹುಬ್ಬಳ್ಳಿ_ಸ್ವಿಫ್ಟ್

ಬಣ್ಣದ ವಿಷಯ ಗೊತ್ತಿರಲಿಲ್ಲ, ನಾನೂ ತರಿಸುತ್ತೇನೆ. ಮನೆಯವರೂ ಓಡಿಸುವ ಕಾರಿಗೆ ಒಂದೇ ಸೆಟ್ ಸರಿ, ಒಪ್ಪಿದೆ. ನನ್ನ ಸ್ವಿಫ್ಟ್ ಬೇರೆ ಯಾರೂ ಮುಟ್ಟುವುದಿಲ್ಲ ನೋಡ್ರಿ, ಅದಕ್ಕೆ ನಡೆಯುತ್ತದೆ.

ಕೆಂಪು_ಪೋಲೊ, ಬೆಂಗಳೂರು

ತೀರ್ಮಾನ ಮಾಡಿದೆ. ಆಯಿಲ್ ಪೂರ್ತಿ ಬದಲು, ಮುಂದೆ ಹೊಸ ಸಾದಾ ಡಿಸ್ಕ್, ನಂಬರ್ ಹೊಂದಿದರೆ ಡಿಎಸ್2500, ಸಿಗದಿದ್ದರೆ ಯೆಲ್ಲೋಸ್ಟಫ್. ಬಣ್ಣವೂ ಹಚ್ಚುತ್ತೇನೆ. ಬೆಡ್ ಇನ್ (ಹೊಸ ಪ್ಯಾಡನ್ನು ಡಿಸ್ಕಿಗೆ ಕೂರಿಸುವುದು) ಎಲ್ಲಿ ಮಾಡಲಿ? ನೈಸ್ ರಸ್ತೆಯಲ್ಲಿ ಮುಂಜಾನೆ ಆಗುತ್ತಾ?

ಟಾರ್ಕ್_ರೆಂಚ್, ಮೈಸೂರು

ಬೇಡ ಸರ್. ಹಿಂದೆ ಬರುವ ಲಾರಿಗೆ ನೀವು ಯಾಕೆ ಸುಮ್ನೆ ಬ್ರೇಕ್ ಒತ್ತುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಹೋಗುವ ಒಂದು ವಾರ ಮುಂಚೆ ಹಾಕಿಸಿ, ಊರಲ್ಲಿ ಮೆತ್ತಗೆ ಓಡಿಸಿ ಪ್ಯಾಡ್ ಕೂರಲಿ. ಬಿಸಿ ಬೆಡ್ ಇನ್ ಟ್ರ್ಯಾಕಿನ ಮೊದಲ ಸೆಷನ್‌ನಲ್ಲಿ ಮಾಡಿ. ಪ್ಯಾಡ್ ಜೊತೆ ಬರುವ ಚೀಟಿಯಲ್ಲಿ ಕ್ರಮ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಒಂದು ಸುತ್ತು ಹಗುರ, ಆಮೇಲೆ ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪ ಗಟ್ಟಿ, ಎಲ್ಲೂ ಪೂರ್ತಿ ನಿಲ್ಲಿಸದೆ. ಹೊಸ ಪ್ಯಾಡಿನ ಗ್ಯಾಸ್ ಹೊರಬರುವಾಗ ವಾಸನೆ ಬರುತ್ತದೆ, ಹಿಡಿತ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಆಗ ಬ್ರೇಕ್ ಮುಟ್ಟದೆ ಒಂದು ಸುತ್ತು ಹಾಕಿ ಒಳಗೆ ಬನ್ನಿ, ಪೂರ್ತಿ ಆರಲು ಬಿಡಿ.

ಪ್ರತಿ ಸೆಷನ್ ಕೊನೆಯ ಸುತ್ತೂ ಹೀಗೇ ತಂಪು ಸುತ್ತು ಆಗಿರಲಿ. ಒಳಗೆ ಬಂದು ಬ್ರೇಕ್ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ, ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಕೂರುತ್ತದೆ. ಹ್ಯಾಂಡ್‌ಬ್ರೇಕೂ ಎಳೆಯಬೇಡಿ. ಡಿಎಸ್‌ಜಿ ಪಾರ್ಕ್‌ಗೆ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ.

ಪೆಡಲ್ ಮೆತ್ತಗಾಯಿತು ಅಂದರೆ ಪಟಪಟ ಅಂತ ಪಂಪ್ ಮಾಡಿ, ಗೇರ್ ಇಳಿಸಿ, ಆ ದಿನಕ್ಕೆ ಓಟ ಮುಗಿಸಿ. ತಣ್ಣಗಾದ ಮೇಲೆ ಬ್ಲೀಡ್ ಮಾಡಿಸದೆ (ಪೈಪಿನೊಳಗಿನ ಗುಳ್ಳೆ, ಹಳೆ ಆಯಿಲ್ ಹೊರಗೆ ತೆಗೆಸದೆ) ಹೆದ್ದಾರಿಗೆ ಇಳಿಯಬೇಡಿ. ಅದಕ್ಕೆ ಒಂದು ಸೀಲ್ ತೆಗೆಯದ ಆಯಿಲ್ ಡಬ್ಬ, ಬ್ಲೀಡರ್ ನಟ್‌ಗೆ ಸರಿಹೊಂದುವ ಸ್ಪ್ಯಾನರ್, ಪಾರದರ್ಶಕ ಪೈಪ್ ಡಿಕ್ಕಿಯಲ್ಲಿ ಇರಲಿ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಪ್ಯಾಡ್ ದಪ್ಪ ನೋಡಿ. ಹೊರಗಿನದು ಮಾತ್ರ ಅಲ್ಲ, ಒಳಗಿನದೂ. ಸ್ಲೈಡ್ ಪಿನ್ ಅಂಟಿಕೊಂಡಿದ್ದರೆ ಒಂದು ಬದಿ ಮಾತ್ರ ಬೇಗ ಸವೆಯುತ್ತದೆ. ಹಾಕಿಸುವಾಗಲೇ ಪಿನ್‌ಗೆ ಬ್ರೇಕ್ ಗ್ರೀಸ್ ಹಚ್ಚಿಸಿ, ಸಾದಾ ಗ್ರೀಸ್ ರಬ್ಬರ್ ಉಬ್ಬಿಸುತ್ತದೆ. ಪ್ಯಾಡ್ ಅರ್ಧಕ್ಕಿಂತ ಕೆಳಗೆ ಬಂದರೆ ಟ್ರ್ಯಾಕಿಗೆ ಮತ್ತೆ ಬಳಸಬೇಡಿ. ತೆಳು ಪ್ಯಾಡ್ ಬಿಸಿಯನ್ನು ಸೀದಾ ಪಿಸ್ಟನ್‌ಗೆ, ಆಯಿಲಿಗೆ ಬಿಡುತ್ತದೆ. ಉಳಿದದ್ದನ್ನು ಊರಿನ ಓಡಾಟಕ್ಕೆ ಸವೆಸಿ.

ಬಂದ ಮೇಲೆ ಬಣ್ಣ ಎಲ್ಲಿವರೆಗೆ ಬದಲಾಗಿದೆ ಅಂತ ಫೋಟೊ ಇಲ್ಲೇ ಹಾಕಿ, ನೋಡಿ ಮುಂದಿನದು ಹೇಳೋಣ.